ಮೂರು ಚೆಂಡಿನ ಸ್ಪೈರೋಮೀಟರ್: ಬೈಪಾಸ್ ಆದವರ ಮನೆಯಿಂದ

ನಮ್ಮ ಯಜಮಾನರ ಹೃದಯದ ಬೈಪಾಸ್‌ಗೆ ದಿನ ಗೊತ್ತಾದಾಗ ಆಸ್ಪತ್ರೆಯವರು ಬರೆದುಕೊಟ್ಟ ಸಾಮಾನಿನ ಚೀಟಿಯಲ್ಲಿ ಎದೆಗೆ ಕಟ್ಟುವ ಬೆಲ್ಟ್, ತೊಡೆಯವರೆಗಿನ ಬಿಗಿ ಕಾಲುಚೀಲ, ಜೊತೆಗೆ ಉಸಿರಾಟದ ವ್ಯಾಯಾಮಕ್ಕೆಂದು ಒಂದು ಸ್ಪೈರೋಮೀಟರ್ ಇತ್ತು. ಪ್ಲಾಸ್ಟಿಕ್ಕಿನ ಮೂರು ಕೋಣೆ, ಒಂದೊಂದರಲ್ಲೂ ಒಂದು ಹಗುರವಾದ ಚೆಂಡು, ಪಕ್ಕದಲ್ಲಿ ಮಡಿಕೆ ಮಡಿಕೆಯಾದ ಕೊಳವೆ. ಇಷ್ಟೇ. ಪೊಟ್ಟಣದ ಮೇಲಿನ ಎಂಆರ್‌ಪಿ ನೋಡಿ ಗಾಬರಿಯಾಗಬೇಡಿ, ಕೇಳಿದರೆ ಇಳಿಸುತ್ತಾರೆ. ನಮಗೆ ಮುನ್ನೂರರ ಒಳಗೆ ಸಿಕ್ಕಿತು.

ಇದು ಯಾಕೆ ಬೇಕೆಂದು ಅಂಗಡಿಯವನು ಹೇಳಲಿಲ್ಲ, ಫಿಸಿಯೋಥೆರಪಿಯ ಹುಡುಗಿ ಹೇಳಿದಳು. ಬೈಪಾಸ್‌ನಲ್ಲಿ ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕಾಲಿನಿಂದ ತೆಗೆದ ರಕ್ತನಾಳವನ್ನೋ ಎದೆಗೂಡಿನ ಒಳಗೋಡೆಯಿಂದ ಬಿಡಿಸಿದ ಅಪಧಮನಿಯನ್ನೋ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇರುವ ಜಾಗದಿಂದ ಮುಂದಕ್ಕೆ ಜೋಡಿಸಿ, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ತಂತಿ ಒಳಗೇ ಉಳಿಯುತ್ತದೆ. ಹೃದಯದ ಕೆಲಸವನ್ನು ಯಂತ್ರಕ್ಕೆ ವಹಿಸಿದಷ್ಟು ಹೊತ್ತು ಶ್ವಾಸಕೋಶ ಗಾಳಿಯಿಲ್ಲದೆ ಕುಗ್ಗಿರುತ್ತದೆ. ಎಚ್ಚರವಾದ ಮೇಲೆ ರೋಗಿ ನೋವಿಗೆ ಹೆದರಿ ಅರ್ಧ ಉಸಿರು ಎಳೆಯುತ್ತಾನೆ, ಬಂದ ಕೆಮ್ಮನ್ನು ನುಂಗುತ್ತಾನೆ. ಕೆಳಭಾಗದ ಗಾಳಿಚೀಲಗಳು ತೆರೆದುಕೊಳ್ಳದೆ ಕಫ ನಿಂತರೆ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆಳವಾಗಿ ಉಸಿರೆಳೆಸಿ ಅದನ್ನು ತಪ್ಪಿಸಲೆಂದೇ ಈ ಸಾಧನ.

ಪಕ್ಕದ ಹಾಸಿಗೆಯ ಹಿರಿಯರು ಕೊಳವೆಯನ್ನು ಬಾಯಿಗಿಟ್ಟು ಬಲವಾಗಿ ಊದುತ್ತಿದ್ದರು. ಚೆಂಡು ಕದಲಲಿಲ್ಲ, ಸಾಧನವೇ ಕೆಟ್ಟಿದೆ ಎಂದು ಮಗನನ್ನು ಗದರಿಸಿದರು. "ಅಜ್ಜಾ, ಊದಬೇಡಿ, ಎಳನೀರು ಹೀರುವ ಹಾಗೆ ನಿಧಾನವಾಗಿ ಎಳೆಯಿರಿ" ಎಂದಳು ಹುಡುಗಿ. ಮೊದಲ ಚೆಂಡು ಟಕ್ಕೆಂದು ಮೇಲೆ ಹೋಯಿತು. ಅಜ್ಜನ ಮುಖ ನೋಡಬೇಕಿತ್ತು!

ಕೋಣೆಗಳ ಮೇಲೆ 600, 900, 1200 ಎಂಬ ಗುರುತುಗಳಿವೆ. ಅವು ಸೆಕೆಂಡಿಗೆ ಎಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆದಿರಿ ಎಂದು ತೋರಿಸುತ್ತವೆ, ಒಟ್ಟು ಎಷ್ಟು ಗಾಳಿ ಒಳಹೋಯಿತು ಎಂದಲ್ಲ. ನನ್ನ ಮುಖ್ಯ ತಕರಾರು ಇಲ್ಲಿಯೇ. ಮೂರನ್ನೂ ಹಾರಿಸುವ ಹಟಕ್ಕೆ ಬಿದ್ದವರು ಗಬಕ್ಕನೆ ಒಂದು ಎಳೆತ ಎಳೆದು ಗೆದ್ದೆವೆನ್ನುತ್ತಾರೆ. ಒಂದೋ ಎರಡೋ ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸುವುದು ಹೆಚ್ಚು ಉಪಯೋಗ. ಸಾಧನವನ್ನು ಓರೆ ಹಿಡಿದರೆ ಚೆಂಡು ಸುಲಭವಾಗಿ ಏರುತ್ತದೆ. ಯಜಮಾನರು ಈ ಕಳ್ಳದಾರಿಯನ್ನು ಬೇಗ ಕಂಡುಹಿಡಿದರು, ನಾನೂ ಬೇಗ ಹಿಡಿದೆ. ಒಟ್ಟು ಗಾಳಿಯ ಅಳತೆಯೇ ಬೇಕೆನ್ನುವವರಿಗೆ ಪಿಸ್ಟನ್ ಏರುವ ಬಗೆಯದು ಇದೆ, ಬೆಲೆ ಜಾಸ್ತಿ.

ಒಳಗಿಟ್ಟ ಕಾಗದ ಪೂರ್ತಿ ಇಂಗ್ಲಿಷಿನಲ್ಲಿದೆ, ಅಕ್ಷರ ಇರುವೆಗಿಂತ ಸಣ್ಣದು. ಹಳ್ಳಿಯಿಂದ ಬಂದವರಿಗೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಲು ತಯಾರಕರಿಗೆ ಏನು ಕಷ್ಟವೋ.

ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುವುದು, ವಾರ್ಡಿನ ಉದ್ದಕ್ಕೂ ನಡೆಯುವುದು ಇದಕ್ಕಿಂತ ಕಡಿಮೆಯೇನಲ್ಲ. ತಲೆ ಸುತ್ತಿದರೆ ನಿಲ್ಲಿಸಿ. ಬಾಯಿಗಿಡುವ ತುಂಡನ್ನು ತೊಳೆದು ಒಣಗಿಸಿ, ಇನ್ನೊಬ್ಬರಿಗೆ ಕೊಡಬೇಡಿ. ಶಸ್ತ್ರಚಿಕಿತ್ಸೆಗೆ ಮೊದಲೇ ಕೊಂಡು ರೂಢಿ ಮಾಡಿಸಿ. ಎದೆಗೆ ಹೊಲಿಗೆ ಬಿದ್ದ ಮೇಲೆ ಹೊಸದನ್ನು ಕಲಿಯುವ ಸಹನೆ ನಮ್ಮ ಮನೆಯವರಿಗಂತೂ ಇರಲಿಲ್ಲ. ಐದಕ್ಕೆ ನಾಲ್ಕು ಅಂಕ.