ಅಶ್ವಗಂಧ, ಒಂದೆಲಗ, ಭ್ರಾಮರಿ: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ನಾನು ಮೈಸೂರಿನಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವವನು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. 18, 19ನೇ ತಾರೀಖು ಬಂತೆಂದರೆ ಎದೆ ಡವಡವ ಅನ್ನುತ್ತಿತ್ತು, ಅಂಗೈ ಬೆವರುತ್ತಿತ್ತು. ಒಂದೇ ಬಿಲ್ಲನ್ನು ಮತ್ತೆ ಮತ್ತೆ ಓದಿದರೂ ಅಂಕಿ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಿದ್ದೆಯ ಮಾತಂತೂ ಬೇಡವೇ ಬೇಡ. ಆಯುರ್ವೇದದ ಕಡೆ ಹೋಗಿ ವರ್ಷದ ಮೇಲಾಯಿತು. ಯಾವುದು ಕೈ ಹಿಡಿಯಿತು, ಯಾವುದಕ್ಕೆ ಸುಮ್ನೆ ದುಡ್ಡು ಹೋಗುತ್ತದೆ ಅಂತ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ನಮ್ಮ ಬಡಾವಣೆಯ ಬಿಎಎಂಎಸ್ (ಆಯುರ್ವೇದ ಪದವಿ) ವೈದ್ಯರ ಹತ್ತಿರ. ಅವರು ಅಶ್ವಗಂಧದ ಪುಡಿ ಕೊಡುವ ಮುಂಚೆ ಕೇಳಿದ್ದು ಥೈರಾಯ್ಡ್ ಪರೀಕ್ಷೆಯ ವರದಿ. ಆಮೇಲೆ ಶುಗರ್, ಬಿಪಿಗೆ ಏನಾದರೂ ಮಾತ್ರೆ ನುಂಗುತ್ತೀರಾ ಅಂತ ವಿಚಾರಿಸಿದರು. "ಪುಡಿಗೆ ರಾತ್ರಿ ಕೆಲಸ, ಉಸಿರಿಗೆ ಹಗಲು ಕೆಲಸ. ಎರಡನ್ನೂ ಒಂದಕ್ಕೊಂದು ಬೆರೆಸಬೇಡಿ ಸರ್" ಅಂದರು. ನನ್ನ ಅನುಭವವೂ ಈಗ ಅದನ್ನೇ ಹೇಳುತ್ತದೆ.

ರಾತ್ರಿಯ ಕೆಲಸ ಅಶ್ವಗಂಧದ್ದು. ಡಬ್ಬಿಯ ಪುಡಿಗಿಂತ ಇಡೀ ಬೇರನ್ನೇ ತಗೊಳ್ಳಿ. ದೇವರಾಜ ಮಾರುಕಟ್ಟೆ ಸುತ್ತಮುತ್ತಲ ಗ್ರಂಧಿಗೆ ಅಂಗಡಿಗಳಲ್ಲಿ 100 ಗ್ರಾಂ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಒಳ್ಳೆ ಬೇರು ಮುರಿದರೆ ಪಟ್ ಅನ್ನುತ್ತದೆ, ಒಳಗೆ ಹಿಟ್ಟು ಹಿಟ್ಟಾಗಿ ಬೆಳ್ಳಗಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಕುದುರೆ ಲಾಯದ ವಾಸನೆ. ಬಗ್ಗಿಸಿದರೂ ಮುರಿಯದ, ನಾರು ನಾರಾದ ಬೇರು ಬೇಡ.

ಬೇರನ್ನು ಪುಡಿ ಮಾಡಿ ಸುಮ್ನೆ ಬಿಸಿ ಹಾಲಿಗೆ ಹಾಕಿ ಕಲಸಿದರೆ ಗಂಟು ಕಟ್ಟುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಹಳೆಯ ಕ್ರಮ ಕ್ಷೀರಪಾಕದ್ದು: ಒಂದು ಪಾಲು ಪುಡಿ, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. ಅಂದರೆ 5 ಗ್ರಾಂ ಪುಡಿಗೆ 40 ಮಿಲಿಲೀಟರ್ ಹಾಲು, 160 ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯಬೇಕು. ಮೊದಲು ಹಸಿ ವಾಸನೆ ಬರುತ್ತದೆ, ಕೊನೆಗೆ ಅದು ಹೋಗಿ ಹಾಲು ಕೆನೆ ಬಣ್ಣಕ್ಕೆ ತಿರುಗುತ್ತದೆ. ಟೀ ಸೋಸುವ ಜಾಲರಿಯಲ್ಲಿ ಸೋಸಿ, ಸ್ವಲ್ಪ ಬೆಲ್ಲ ಹಾಕಿ ಕುಡಿಯುತ್ತೇನೆ. ಕಹಿ ಪೂರ್ತಿ ಹೋಗುವುದಿಲ್ಲ, ಆದರೂ ಕುಡಿಯಬಹುದು. ಮೊದಲ ವಾರ ಏನೂ ಗೊತ್ತಾಗಲಿಲ್ಲ. ತಿಂಗಳು ಕಳೆಯುವ ಹೊತ್ತಿಗೆ ನಡುರಾತ್ರಿ ಎಚ್ಚರವಾಗುವುದು ಕಡಿಮೆಯಾಯಿತು. ನನಗೆ ಸಿಕ್ಕ ದೊಡ್ಡ ಲಾಭ ಅದೇ.

2012ರಲ್ಲಿ ನಮ್ಮ ದೇಶದಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ 64 ಜನರ ಮೇಲೆ 60 ದಿನ ಪ್ರಯೋಗ ನಡೆಸಿದರು. ಬೇರಿನ ಸಾರ 300 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಒತ್ತಡ ಇಳಿಯಿತು, ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಕೂಡ ಇಳಿಯಿತು ಅಂತ ಫಲಿತಾಂಶ. ಆದರೆ ಅದು ಚಿಕ್ಕ ಪ್ರಯೋಗ, ಕೊಟ್ಟಿದ್ದು ಸಾರ, ನಾವು ಕುಡಿಯುವ ಪುಡಿಯಲ್ಲ. ಅಂಗಡಿಯವರು ಇದೇ ಸಂಖ್ಯೆ ಹೇಳಿ ಮಾರಿದರೆ ಅಷ್ಟನ್ನು ನೆನಪಿಡಿ.

ಎಲ್ಲರಿಗೂ ಆಗುವ ಮದ್ದೂ ಇದಲ್ಲ. ನಮ್ಮ ಅಕ್ಕ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾರೆ. "ಮೇಡಂ, ನನಗೂ ಬರೆದುಕೊಡಿ" ಅಂದಾಗ ವೈದ್ಯರು ಖಂಡಿತ ಬೇಡ ಅಂದರು. ಗರ್ಭಿಣಿಯರಿಗೂ ಬೇಡ. ಅಪರೂಪಕ್ಕೆ ಲಿವರ್‌ಗೆ ತೊಂದರೆಯಾದ ಪ್ರಕರಣಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು.

ಆನ್‌ಲೈನ್‌ನಲ್ಲಿ ತರಿಸಿದ ಒಂದು 'ಸ್ಟ್ರೆಸ್' ಕ್ಯಾಪ್ಸೂಲ್ ನನಗೆ ಬೇಸರ ತರಿಸಿತು. ಬಾಟಲಿ ನೋಡಲು ಚೆಂದ. ಒಳಗಿರುವುದು ಬೇರೋ ಎಲೆಯೋ, ಎಷ್ಟು ಮಿಲಿಗ್ರಾಂ, ಎಲ್ಲೂ ಬರೆದಿಲ್ಲ. ಆಯುಷ್ ಸಚಿವಾಲಯ ಅಶ್ವಗಂಧದ ಎಲೆ ಬಳಸಬೇಡಿ ಅಂತ ತಯಾರಕರಿಗೆ 2021ರಲ್ಲೇ ಹೇಳಿದೆ. ಕಂಪನಿಗೆ ಮೇಲ್ ಮಾಡಿ ಕೇಳಿದರೆ ಉತ್ತರವಿಲ್ಲ. ಇಂಥದ್ದನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಹೇಗೆ? ಲೈಸೆನ್ಸ್ ನಂಬರ್, ಬ್ಯಾಚ್, ಯಾವ ಭಾಗ ಎಷ್ಟು, ಇಷ್ಟೂ ಇಲ್ಲದ ಬಾಟಲಿ ಮುಟ್ಟಬೇಡಿ.

ಗಮನಕ್ಕೆ ಅಂತ ಒಂದೆಲಗ. ಪುಡಿ ಬೇಡ, ಎಲೆಯನ್ನೇ ತನ್ನಿ. ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ತೊಳೆದ ಎಲೆ ಮತ್ತು ತೆಂಗಿನಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಬಿಸಿ ಅನ್ನಕ್ಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ! ಆದರೆ ಇದರಿಂದ ನನ್ನ ಗಮನ ಹೆಚ್ಚಿತು ಅಂತ ಧೈರ್ಯವಾಗಿ ಹೇಳಲಾರೆ. ಜ್ಞಾಪಕಶಕ್ತಿಯ ಪರೀಕ್ಷೆಗಳು ಜಾಸ್ತಿ ನಡೆದಿರುವುದು ನೀರುಬ್ರಾಹ್ಮಿ ಅನ್ನುವ ಬೇರೆಯೇ ಗಿಡದ ಮೇಲೆ, ಅದೂ 12 ವಾರದಷ್ಟು ದಿನ ಕೊಟ್ಟು. ಅಂಗಡಿಯಲ್ಲಿ ಬರೀ 'ಬ್ರಾಹ್ಮಿ' ಅಂದರೆ ಎರಡರಲ್ಲಿ ಯಾವುದಾದರೂ ಕೈಗೆ ಬರಬಹುದು, ಕೇಳಿ ತಗೊಳ್ಳಿ.

ಹಗಲಿನ ಕೆಲಸ ಭ್ರಾಮರಿ ಪ್ರಾಣಾಯಾಮದ್ದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಕಿವಿ ಮುಚ್ಚಿ, ಮೂಗಿನಿಂದ ಉಸಿರು ತುಂಬಿಕೊಂಡು, ಬಾಯಿ ಮುಚ್ಚಿಯೇ ಗುಂಯ್ ಅನ್ನುತ್ತಾ ನಿಧಾನ ಬಿಡುವುದು. ಹಲ್ಲಿಗೆ ಹಲ್ಲು ತಾಗಬಾರದು. ಸರಿಯಾಗಿ ಮಾಡಿದರೆ ಅದುರುವುದು ಮೇಲ್ದವಡೆಯಲ್ಲಿ, ಹುಬ್ಬಿನ ನಡುವೆ ಗೊತ್ತಾಗುತ್ತದೆ. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಬಿಡುವುದನ್ನು ಉದ್ದ ಮಾಡುವುದೇ ಇಲ್ಲಿನ ಗುಟ್ಟು. 20ನೇ ತಾರೀಖು ಪೋರ್ಟಲ್ ಸುತ್ತುತ್ತಾ ನಿಂತಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಇದನ್ನೇ ಮಾಡುತ್ತೇನೆ. ಕೈ ಬೆವರುವುದು ನಿಲ್ಲುತ್ತದೆ, ವಾಪಸ್ ಬಂದರೆ ಅಂಕಿ ಕಣ್ಣಿಗೆ ಹಿಡಿಯುತ್ತದೆ. ದೀಪ ನೋಡುವ ತ್ರಾಟಕ ನನಗೆ ಹೊಂದಲಿಲ್ಲ. ದಿನವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಅದು ಇನ್ನೊಂದು ಭಾರ.

ಶಿರೋಧಾರೆಯೂ ಆಯಿತು. ಒಂದು ಸಲಕ್ಕೆ ಎರಡು ಸಾವಿರದ ಹತ್ತಿರ ಹತ್ತಿರ. ಹಣೆ ಮೇಲೆ ಉಗುರು ಬೆಚ್ಚಗಿನ ಕ್ಷೀರಬಲಾ ತೈಲ ಬೀಳುವಾಗ ಹಿತವೋ ಹಿತ. ಅವತ್ತಿನ ನಿದ್ದೆ ಚಿನ್ನ. ನಾಲ್ಕು ದಿನಕ್ಕೆ ಮತ್ತೆ ಮೊದಲಿನ ಹಾಗೆಯೇ. ಹಬ್ಬಕ್ಕೊಮ್ಮೆ ಸರಿ, ತಿಂಗಳ ಖರ್ಚಿಗೆ ಸೇರಿಸುವಂಥದ್ದಲ್ಲ.

ಖಾಸಗಿ ವೈದ್ಯರು ದುಬಾರಿ ಅನ್ನಿಸಿದರೆ ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ. ಆ ಕಾಲೇಜು 1908ರಿಂದ ನಡೆಯುತ್ತಿದೆ. ಆತಂಕ ಜಾಸ್ತಿಯಾಗಿ ಬದುಕೇ ಬೇಡ ಅನ್ನಿಸುತ್ತಿದ್ದರೆ ಪುಡಿ, ಕಷಾಯ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದೆಲಗ ಬೇಕಾದವರು ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಸಿಗುವುದು ಬಾಡಿದ ಕಟ್ಟು.