ಮನೆಗೇ ಬರುವ ನಾಯಿ ಮೇಷ್ಟರು: ಧಾರವಾಡದಿಂದ ಒಂದು ವಿಮರ್ಶೆ

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ನಾಯಿ ಕೈಕುಲುಕಬೇಕು, ಉರುಳಾಡಬೇಕು, ಬಾಗಿಲಿನಿಂದ ಪತ್ರಿಕೆ ಕಚ್ಚಿಕೊಂಡು ಬರಬೇಕು ಎಂಬ ಆಸೆ ಇಟ್ಟುಕೊಂಡವರು ಈ ತರಬೇತುದಾರರನ್ನು ಕರೆಯಬೇಡಿ. ಅವರು ಅದನ್ನೆಲ್ಲ ಕಲಿಸುವುದಿಲ್ಲ, ಕೇಳಿದರೆ ಸಿಡುಕುತ್ತಾರೆ. ಬಾಗಿಲು ತೆರೆದಾಗ ನುಗ್ಗದಿರುವುದು, ಬಂದವರ ಮೈಮೇಲೆ ಹಾರದಿರುವುದು, ಹಗ್ಗ ಜಗ್ಗದೆ ನಡೆಯುವುದು, ಹೇಳಿದ ಜಾಗದಲ್ಲಿ ಮಲಗಿರುವುದು, ಕರೆದರೆ ಬರುವುದು. ಅವರ ಪಠ್ಯ ಇಷ್ಟೇ. ಒಂದು ತರಗತಿಗೆ 700 ರೂಪಾಯಿ, ಮುಕ್ಕಾಲು ಗಂಟೆ, ಅವರೇ ಮನೆಗೆ ಬರುತ್ತಾರೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಒಪ್ಪಿಕೊಂಡ ಮನೆಗಳಿಗೇ ಸಮಯ ಸಾಲುತ್ತಿಲ್ಲವಂತೆ. ಬೇಕಾದವರು ತಮ್ಮ ಪಶುವೈದ್ಯರನ್ನು ಕೇಳಿದರೆ ನಂಬರ್ ಸಿಕ್ಕೀತು. ನಮಗೆ ಸಿಕ್ಕಿದ್ದೂ ಹಾಗೆಯೇ.

ನಮ್ಮದು ಸಪ್ತಾಪುರದಲ್ಲಿ ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ, ಅದರ ಬೆನ್ನಿಗೇ ಮನೆ. ಸುತ್ತಲೂ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳು. ಬೆಳಿಗ್ಗೆ ಶಟರ್ ಎತ್ತಿದ ಕ್ಷಣದಿಂದ ನೋಟ್ಸ್ ಹಿಡಿದ ಹುಡುಗ ಹುಡುಗಿಯರ ಸಾಲು. ಈ ಗದ್ದಲದ ನಡುವೆ ಬೆಳೆದವಳು ಚಿಗರಿ, ನಮ್ಮ ಮುಧೋಳ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆಯಲ್ಲ, ಅಲ್ಲಿಂದ ತಂದ ಮರಿ. ನಮ್ಮೂರಲ್ಲಿ ಪ್ರತ್ಯೇಕ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿಗೂ ಚಿಗರಿ ಎಂದೇ ಹೆಸರು, ಬಸ್ಸಾಗಲಿ ನಾಯಿಯಾಗಲಿ ಕೈ ತೋರಿಸಿದರೆ ನಿಲ್ಲುವುದಿಲ್ಲ ಎಂದು ಗಿರಾಕಿಗಳು ನಗುತ್ತಿದ್ದರು. ನಗುವ ವಿಷಯವೇನೂ ಆಗಿರಲಿಲ್ಲ. ಬೆಳೆದ ಮೇಲೆ ಅವಳು ಹಿಂಗಾಲಿನ ಮೇಲೆ ಎದ್ದು ನಿಂತರೆ ಮುಂಗಾಲು ಬರುತ್ತಿದ್ದುದು ನೇರವಾಗಿ ಗಿರಾಕಿಯ ಎದೆಗೆ. ಒಬ್ಬ ಹುಡುಗಿಯ ಹಾಲ್ ಟಿಕೆಟ್ ಚಿಗರಿಯ ಕಾಲಡಿ ಸಿಕ್ಕು ಮಣ್ಣಾದ ದಿನ, ಇನ್ನು ಮುಂದೂಡುವುದು ಬೇಡ ಎಂದು ನಮ್ಮ ಅತ್ತೆಯವರೇ ಹೇಳಿದರು.

ಇವರಿಗಿಂತ ಮೊದಲು ಬೇರೊಂದು ಕಡೆ ವಿಚಾರಿಸಿದ್ದೆವು. ಆ ಜಾಗದ ಹೆಸರೂ ಬೇಡ. ನಾಯಿಯನ್ನು ಒಂದು ತಿಂಗಳು ಅವರಲ್ಲೇ ಬಿಡಬೇಕು, ನಡುವೆ ನೋಡಲು ಹೋಗುವಂತಿಲ್ಲ, ಪೂರ್ತಿ ಹಣ ಮುಂಗಡ. ಮಾದರಿಗೆಂದು ಒಂದು ವಿಡಿಯೊ ಕಳಿಸಿದರು. ಸಾಲಾಗಿ ಕುಳಿತ ನಾಯಿಗಳು, ಒಂದೂ ಮಿಸುಕಾಡುತ್ತಿಲ್ಲ. ನಮ್ಮವರಿಗೆ ಬಹಳ ಹಿಡಿಸಿತು. ನಾನು ಎರಡನೆಯ ಸಲ ನೋಡಿದಾಗ ಕಂಡದ್ದು ಬಾಲಗಳು: ಎಲ್ಲವೂ ಹೊಟ್ಟೆಯಡಿ ಸೇರಿಕೊಂಡಿದ್ದವು, ಕಿವಿಗಳು ತಲೆಗೆ ಅಂಟಿಕೊಂಡಿದ್ದವು. ಫೋನಿನಲ್ಲಿ ಕೇಳಿದರೆ, ‘ಮನೆಯಲ್ಲಿ ಲೀಡರ್ ಯಾರು ಎಂದು ನಾಯಿಗೆ ಗೊತ್ತಾಗಬೇಕು ಮೇಡಂ, ತೋಳದ ಹಿಂಡಿನಲ್ಲಿ ಹಾಗೆಯೇ’ ಎಂಬ ಉತ್ತರ. ನನ್ನ ತಮ್ಮ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ತೋಳಗಳ ಈ ‘ಆಲ್ಫಾ’, ಅಂದರೆ ಹಿಂಡಿನ ಯಜಮಾನನ ಕತೆಯನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಅಮೆರಿಕದ ವಿಜ್ಞಾನಿ ಡೇವಿಡ್ ಮೆಕ್ ಅವರೇ 1999ರಲ್ಲಿ ಅದನ್ನು ತಿದ್ದಿ ಬರೆದಿದ್ದಾರೆ, ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮರಿಗಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಕಾದಾಟ ಅಪರೂಪ ಎಂದು ಅವನು ವಿವರಿಸಿದ. ಕಾನೂನು ಏನಾದರೂ ಇದೆಯೇ ಎಂದು ಕೇಳಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, ಅನಗತ್ಯವಾಗಿ ನೋವಾಗುವಂತೆ ಹೊಡೆಯುವುದು, ಒದೆಯುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ನಮ್ಮ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಅದಕ್ಕಿಂತ ಹೆಚ್ಚಾದೀತು. ಆ ಜಾಗಕ್ಕೆ ಬೇಡ ಎಂದು ಹೇಳಿಬಿಟ್ಟೆವು.

ಈ ಮೇಷ್ಟರು ಮೊದಲ ತರಗತಿಯಲ್ಲಿ ನಾಯಿಯನ್ನು ಮುಟ್ಟಲೇ ಇಲ್ಲ. ಬಾಗಿಲು ಯಾರು ತೆರೆಯುತ್ತೀರಿ, ಊಟ ಯಾರು ಹಾಕುತ್ತೀರಿ, ಅವಳು ಹಾರಿದಾಗ ನೀವೇನು ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಆಮೇಲೆ ಮಗನ ರಬ್ಬರ್ ಚೆಂಡನ್ನು ತರಿಸಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಚೆಂಡನ್ನು ಮೇಲಕ್ಕೆ ಎಸೆಯುತ್ತಾರೆ, ಅದು ನೆಲಕ್ಕೆ ತಾಗಿದ ಕ್ಷಣಕ್ಕೇ ನಾವು ‘ಭಲೇ’ ಎನ್ನಬೇಕು. ನಮ್ಮವರದು ಪ್ರತಿ ಸಲವೂ ತಡ. ಮಗನದು ಅವಸರ, ಚೆಂಡು ಗಾಳಿಯಲ್ಲಿರುವಾಗಲೇ ಕೂಗಿಬಿಡುತ್ತಿದ್ದ. ಕರಾರುವಾಕ್ಕಾಗಿ ಹಿಡಿದವರು ಅತ್ತೆ. ಮಠದ ಭಜನೆಯಲ್ಲಿ ವರ್ಷಗಟ್ಟಲೆ ತಾಳ ಹಾಕಿದ ಕೈ ಅವರದು. ಇದು ಆಟವಲ್ಲ ಎಂಬುದು ಆಮೇಲೆ ತಿಳಿಯಿತು. ನಾಯಿ ಮಲಗಿದ ಕೂಡಲೇ ‘ಭಲೇ’ ಬಿದ್ದರೆ ಮಲಗಿದ್ದಕ್ಕೆ ತಿನಿಸು ಬಂತು ಎಂದು ಅದಕ್ಕೆ ಗೊತ್ತಾಗುತ್ತದೆ. ಎರಡು ಕ್ಷಣ ತಡವಾದರೆ ಅಷ್ಟರಲ್ಲಿ ಅದು ಎದ್ದಿರುತ್ತದೆ, ಎದ್ದಿದ್ದಕ್ಕೇ ಕೂಲಿ ಸಿಕ್ಕಿತು ಎಂದುಕೊಳ್ಳುತ್ತದೆ. ‘ಅಮ್ಮಾ, ಇನ್ನು ಮೇಲೆ ಈ ಮನೆಯಲ್ಲಿ ಭಲೇ ಹೇಳುವವರು ನೀವು’ ಎಂದು ಅವರು ಅತ್ತೆಯವರಿಗೆ ಅಧಿಕಾರ ಒಪ್ಪಿಸಿ ಹೋದರು. ಅತ್ತೆಯವರು ಇಂದಿಗೂ ಆ ಅಧಿಕಾರವನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ತಿನಿಸಿನ ವಿಷಯಕ್ಕೆ ಸ್ವಲ್ಪ ಜಟಾಪಟಿ ನಡೆಯಿತು. ಅವರು ಬೇಯಿಸಿದ ಕೋಳಿ ಎಂದರು, ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ. ಖಡಕ್ ಜೋಳದ ರೊಟ್ಟಿಯ ಚೂರು ಇಟ್ಟೆ. ಚಿಗರಿಗೇನೋ ಇಷ್ಟ, ಆದರೆ ಒಂದು ಚೂರನ್ನು ಕಟಕಟ ಅಗಿದು, ಬಿದ್ದ ಪುಡಿಯನ್ನೆಲ್ಲ ನೆಕ್ಕಿ ಮುಗಿಸುವಷ್ಟರಲ್ಲಿ ಪಾಠವೇ ಮರೆತುಹೋಗುತ್ತಿತ್ತು. ಮೆತ್ತಗಿರಬೇಕು, ಬಟಾಣಿ ಕಾಳಿನಷ್ಟಿರಬೇಕು, ಬಾಯಿಗೆ ಹಾಕಿದರೆ ನುಂಗಿ ಮುಂದಕ್ಕೆ ನೋಡುವಂತಿರಬೇಕು. ಕೊನೆಗೆ ಉಪ್ಪಿಲ್ಲದ ಪನೀರ್‌ಗೆ ಒಪ್ಪಿಗೆಯಾಯಿತು. ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ ಎಂದರು. ಗಿರಾಕಿಗಳು ಪ್ರೀತಿಯಿಂದ ಕೊಡುವ ಪೇಡೆಯನ್ನು ಕಡ್ಡಾಯವಾಗಿ ನಿಲ್ಲಿಸಿದರು.

ನಾನು ಅವರನ್ನು ನಿಜವಾಗಿ ಮೆಚ್ಚಿದ್ದು ಕೌದಿಯ ಪಾಠದಲ್ಲಿ. ತರಬೇತಿ ಎಂದರೆ ಮೊದಲು ಕೂರಿಸುವುದು ಎಂದು ನಾವೆಲ್ಲ ಅಂದುಕೊಂಡಿದ್ದೆವು. ತಿನಿಸನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ದರೆ ಮೂಗು ಮೇಲೇರುತ್ತದೆ, ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಅವರು ಒಮ್ಮೆ ಮಾಡಿದರು. ಚಿಗರಿ ಅರ್ಧ ಬಗ್ಗಿ, ತೊಡೆ ನಡುಗಿಸುತ್ತಾ, ಕಲ್ಲುಹಾಸಿಗೆ ತಾಗದಂತೆ ನಿಂತುಬಿಟ್ಟಳು. ‘ಅಕ್ಕಾ, ಇದು ಹಟವಲ್ಲ’ ಎಂದು ಅವಳ ಹಿಂಗಾಲನ್ನು ತೋರಿಸಿದರು. ತೊಡೆಯ ತುಂಬ ಮಾಂಸಖಂಡ, ಮೈಮೇಲೆ ಕೊಬ್ಬಿಲ್ಲ, ಕಾಲಿನ ಮೂಳೆಗೆ ಬರೀ ಚರ್ಮದ ಹೊದಿಕೆ. ಓಟಕ್ಕೆ ಹೇಳಿ ಮಾಡಿಸಿದ ಇಂಥ ಬೇಟೆನಾಯಿಗಳಲ್ಲಿ ಹಲವಕ್ಕೆ ಗಟ್ಟಿ ನೆಲದ ಮೇಲೆ ಕುಕ್ಕರಿಸುವುದು ಹಿತವಲ್ಲ. ಕೂರುವುದನ್ನು ಅಲ್ಲಿಗೇ ಕೈಬಿಟ್ಟು, ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಗಲ್ಲಾದ ಪಕ್ಕ ಹಾಸಿಸಿದರು. ಅವಳು ಅದರ ಕಡೆ ನೋಡಿದರೆ ಭಲೇ, ಒಂದು ಕಾಲಿಟ್ಟರೆ ಭಲೇ, ನಾಲ್ಕೂ ಕಾಲು ಬಂದರೆ ಭಲೇ, ಮಲಗಿದರೆ ಪನೀರಿನ ಸುರಿಮಳೆ. ಬಲವಂತವಾಗಿ ಒತ್ತಿ ಮಲಗಿಸಿದ್ದು ಒಮ್ಮೆಯೂ ಇಲ್ಲ. ಈಗ ‘ಕೌದಿ’ ಎಂದರೆ ಸಾಕು, ಝೆರಾಕ್ಸ್ ಮಷಿನ್ ಗುರುಗುಟ್ಟುತ್ತಿದ್ದರೂ ಹೋಗಿ ಬೀಳುತ್ತಾಳೆ. ಅಂದಹಾಗೆ ಆ ಮಷಿನ್ನಿಗೆ ಅವಳು ಬೆದರುತ್ತಿದ್ದಳು. ಅದನ್ನೂ ದೂರದಿಂದ ಊಟ ಹಾಕುತ್ತಾ, ತಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತರುತ್ತಾ ಬಿಡಿಸಿದರು.

ಇನ್ನು ಕೊರಳಪಟ್ಟಿ. ಮುಧೋಳ ನಾಯಿ ಸಾಕುವವರು ಇದನ್ನು ಗಮನವಿಟ್ಟು ಓದಿ. ಈ ತಳಿಯ ತಲೆ ಕಿರಿದು, ಕುತ್ತಿಗೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಸಾಮಾನ್ಯ ಪಟ್ಟಿಯಾದರೆ ನಾಯಿ ಹಿಂದಕ್ಕೆ ಜಗ್ಗಿದ ಕೂಡಲೇ ಕಿವಿಯ ಮೇಲಿಂದ ಜಾರಿ ಬರುತ್ತದೆ. ಪೇಟೆಯಲ್ಲಿ ಕೇಳಿದರೆ ಎಲ್ಲರೂ ಕೊಡುವುದು ಕುತ್ತಿಗೆ ಬಿಗಿಯುವ ಸರಪಳಿ. ಮೇಷ್ಟರು ಮಾರ್ಟಿಂಗೇಲ್ ಎಂಬ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಲು ಹೇಳಿದರು. ದೊಡ್ಡ ಕುಣಿಕೆಯೊಂದು ಕುತ್ತಿಗೆಗೆ, ಚಿಕ್ಕ ಕುಣಿಕೆ ಹಗ್ಗಕ್ಕೆ. ಜಗ್ಗಿದರೆ ತಲೆ ನುಸುಳದಷ್ಟು ಬಿಗಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ, ಅಳತೆ ಸರಿಯಿದ್ದರೆ ಉಸಿರು ಕಟ್ಟುವುದಿಲ್ಲ. ಮನೆಯೊಳಗೆ ಬಿಚ್ಚಿಡಬೇಕು, ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ.

ರಸ್ತೆಯ ಪಾಠ ನಿಧಾನವಾಗಿ ಸಾಗಿತು. ಹಗ್ಗ ಬಿಗಿಯಾದರೆ ನಿಲ್ಲುವುದು, ಸಡಿಲವಾದರೆ ನಡೆಯುವುದು. ಕೇಳಲು ಸುಲಭ, ಆದರೆ ಹಾಲು ತರಲು ಹೋದವರು ಬರಿಗೈಲಿ ವಾಪಸ್ ಬಂದ ದಿನಗಳಿವೆ. ಬೀದಿನಾಯಿಗಳು ಕಂಡರೆ ಹಗ್ಗ ಎಳೆದು ಗದರಬೇಡಿ, ಅವು ದೂರದಲ್ಲಿರುವಾಗಲೇ ತಿರುಗಿ, ನೆಲದ ಮೇಲೆ ಒಂದಿಷ್ಟು ತಿನಿಸು ಚೆಲ್ಲಿ ಅವಳ ಮೂಗಿಗೆ ಕೆಲಸ ಕೊಡಿ ಎಂದು ಹೇಳಿಕೊಟ್ಟರು. ನಮ್ಮ ಓಣಿಯ ಮೂಲೆಯ ಗುಂಪಿನ ಮುಂದೆ ಇದು ಬಹುಮಟ್ಟಿಗೆ ನಡೆಯುತ್ತದೆ, ಎಲ್ಲ ದಿನವೂ ಅಲ್ಲ.

ಗಿರಾಕಿಗಳ ಸಮಸ್ಯೆಗೆ ಅವರ ಔಷಧಿ ಒಂದು ಫಲಕ. ‘ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ನನ್ನನ್ನು ಮಾತನಾಡಿಸಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿ, ಲ್ಯಾಮಿನೇಷನ್ ಮಾಡಿ ಗಲ್ಲಾದ ಮುಂದೆ ಅಂಟಿಸಿದೆವು. ಹಾರಿದಾಗ ‘ಅಯ್ಯೋ, ಬಾರೇ’ ಎಂದು ಮುದ್ದಿಸುವವರು ಇರುವವರೆಗೆ ನಮ್ಮ ಪಾಠ ನೀರಿನಲ್ಲಿ ಮಾಡಿದ ಹೋಮವೇ. ಕೆಎಎಸ್‌ಗೆ ಓದುವ ಹುಡುಗರು ಫಲಕವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋಗುತ್ತಾರೆ, ಪಾಲಿಸುತ್ತಾರೆ ಕೂಡ. ಮುರಿಯುವವರು ಹೆಚ್ಚಾಗಿ ನಮ್ಮ ನೆಂಟರು.

ಅವರಲ್ಲೇ ಕೆಲವರು, ಮುಧೋಳ ನಾಯಿ ಸೈನ್ಯಕ್ಕೇ ಸೇರಿದೆ, 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿದೆ, ಅದಕ್ಕೇನು ಕಲಿಸುವುದಿದೆ ಎನ್ನುತ್ತಾರೆ. ಸೈನ್ಯದವರು ಮೀರತ್ತಿನ ಕೇಂದ್ರದಲ್ಲಿಟ್ಟು ತಿಂಗಳುಗಟ್ಟಲೆ ಕಲಿಸಿದ್ದು ಮತ್ತೇಕೆ ಎಂಬುದು ಮೇಷ್ಟರ ಪ್ರಶ್ನೆ. ತಳಿಯ ವಿಷಯದಲ್ಲಿ ಅವರು ಯಾವ ಬಣ್ಣವನ್ನೂ ಬಳಿಯಲಿಲ್ಲ. ಕರೆದರೆ ಬರುವುದನ್ನು ಉದ್ದನೆಯ ಹಗ್ಗ ಕಟ್ಟಿ, ಕಾಲೇಜು ಮೈದಾನದಲ್ಲಿ, ಗಾಂಭೀರ್ಯದಿಂದ ಕಲಿಸಿದರು. ಕರೆದು ಸ್ನಾನಕ್ಕೆ ಒಯ್ಯಬಾರದು, ಕರೆದು ಬೈಯಬಾರದು, ಬಂದಾಗೆಲ್ಲ ಹಬ್ಬ ಮಾಡಬೇಕು. ಮನೆಯಲ್ಲಿ, ಅಂಗಳದಲ್ಲಿ ಚಿಗರಿ ಈಗ ಹಾರಿ ಬರುತ್ತಾಳೆ. ಆದರೆ ಕಣ್ಣಿಂದ ಬೇಟೆಯಾಡುವ ನಾಯಿ ಇದು, ಬೆಕ್ಕೊಂದು ಓಡಿದರೆ ಕಿವಿ ಮುಚ್ಚಿಹೋಗುತ್ತದೆ, ಸುತ್ತುಗೋಡೆ ಇಲ್ಲದ ಕಡೆ ಯಾವತ್ತೂ ಹಗ್ಗ ಬಿಚ್ಚಬೇಡಿ, ಅದಕ್ಕೆ ನಾನು ಖಾತರಿ ಕೊಡುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ತಿಂಗಳಲ್ಲಿ ಎಲ್ಲವೂ ಖಾತರಿ ಎಂದ ಆ ಇನ್ನೊಬ್ಬರಿಗಿಂತ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ದೂರುಗಳೂ ಇವೆ. ಸಮಯಪಾಲನೆ ಇಲ್ಲ, ಹತ್ತು ಎಂದರೆ ಹನ್ನೊಂದು. ನಮ್ಮೂರ ಜಿಟಿಜಿಟಿ ಮಳೆ ಹಿಡಿದರೆ ತರಗತಿ ರದ್ದು, ಅದನ್ನೂ ನಾವೇ ಫೋನ್ ಮಾಡಿ ತಿಳಿದುಕೊಳ್ಳಬೇಕು. ಏನು ಅಭ್ಯಾಸ ಮಾಡಬೇಕೆಂದು ಬರೆದು ಕೊಡುವುದಿಲ್ಲ, ನಾನೇ ಗೀಚಿಕೊಂಡು, ಟೈಪ್ ಮಾಡಿ ಗೋಡೆಗೆ ಹಚ್ಚಿದೆ. ಉಗುರು ಕತ್ತರಿಸುವಾಗ ಚಿಗರಿ ಮಾಡುವ ರಂಪಾಟಕ್ಕೆ ಅವರ ಬಳಿ ಉಪಾಯವಿರಲಿಲ್ಲ, ವೈದ್ಯರ ಕಡೆ ಕೈ ತೋರಿಸಿದರು. ಮತ್ತು ನಮ್ಮವರ ಮೇಲೆ ಅವರು ರೇಗಿದ್ದು ನನಗೆ ಅತಿ ಎನಿಸಿತು. ನಾಯಿಯ ಜೊತೆ ಇರುವ ತಾಳ್ಮೆ ಮನುಷ್ಯರ ಜೊತೆ ಅವರಿಗಿಲ್ಲ.

ಹೊಸದಾಗಿ ಮರಿ ತರುವವರು ಆರು ತಿಂಗಳಾಗಲಿ ಎಂದು ಕಾಯಬೇಡಿ. ಜನ, ಸದ್ದು, ವಾಹನಗಳಿಗೆ ಮರಿ ಸುಲಭವಾಗಿ ಹೊಂದಿಕೊಳ್ಳುವುದು ಮೊದಲ ಮೂರು ತಿಂಗಳ ಆಸುಪಾಸಿನಲ್ಲಿ. ಲಸಿಕೆ ಪೂರ್ತಿಯಾಗದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ಬೀದಿ ತೋರಿಸಬಹುದು ಎನ್ನುತ್ತಾರೆ ಇವರು. ಮುಂಗಡ ಕೇಳುವುದಿಲ್ಲ, ಪ್ರತಿ ತರಗತಿ ಮುಗಿದ ಮೇಲೆ ಫೋನ್‌ಪೇ. ಮನೆಯವರೆಲ್ಲ ಹಾಜರಿರುವ ಹೊತ್ತನ್ನೇ ಗೊತ್ತುಮಾಡಿ, ಒಬ್ಬರಿಲ್ಲದಿದ್ದರೂ ಅರ್ಧದಲ್ಲೇ ಎದ್ದು ಹೋಗುವ ಪೈಕಿ. ಕರೆ ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ, ಹಗಲು ಫೋನ್ ಎತ್ತುವುದಿಲ್ಲ.