ಅಜ್ಜಯ್ಯನ ರೈಲ್ವೆ ದಾಖಲೆ ಹುಡುಕಲು ಹೋಗಿ ಇದ್ದ ಕಾಗದವನ್ನೂ ಕಳೆದುಕೊಂಡೆವು

ಮನೆಯ ಹಿರಿಯರು ರೈಲ್ವೆಯಲ್ಲಿದ್ದರು, ಅವರ ಸೇವಾ ದಾಖಲೆ ಹುಡುಕಬೇಕು ಎಂದುಕೊಂಡವರು ದಯವಿಟ್ಟು ಇದನ್ನು ಓದಿ. ನನ್ನ ಎಂಟು ಸಾವಿರ ರೂಪಾಯಿ ಹೋಯಿತು, ಹೋಗಲಿ. ಅಜ್ಜಯ್ಯನ ಸಹಿಯಿದ್ದ ಒಂದೇ ಒಂದು ಕಾಗದವೂ ಅದರ ಜೊತೆಗೆ ಹೋಯಿತು. ಆ ಸಂಕಟ ಇನ್ನೂ ಆರಿಲ್ಲ.

ಅಜ್ಜಯ್ಯ ಎಂದರೆ ಅಮ್ಮನ ತಂದೆ. ಮಂಗಳೂರು ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ರೈಲು ಹಳಿ ಬದಲಿಸುವ ನೌಕರ, ಆಗಿದ್ದರು. 1926ರಲ್ಲಿ ಸೇರಿ 1956ರ ಆರಂಭದಲ್ಲಿ ನಿವೃತ್ತರಾದವರು. ಉಡುಪಿಯ ತರವಾಡು ಮನೆಯ ಪೆಟ್ಟಿಗೆಯಲ್ಲಿ ಅವರ ಭವಿಷ್ಯ ನಿಧಿಯ ಪತ್ರವೊಂದು ಉಳಿದಿತ್ತು. ಅಪ್ಪ ಎಲ್ಲೆಲ್ಲಿ ಕೆಲಸ ಮಾಡಿದರು, ಎಷ್ಟು ಸಂಬಳಕ್ಕೆ ಸೇರಿದರು ಎಂದು ತಿಳಿಯುವ ಆಸೆ ಅಮ್ಮನಿಗೆ. ಅವರಿಗೀಗ 84 ವರ್ಷ.

ಪರಿಚಯದವರ ಮೂಲಕ ಸಿಕ್ಕ ಏಜೆಂಟನೊಬ್ಬ ಮನೆಗೇ ಬಂದ. “ಅಕ್ಕಾ, ಪಾಲಕ್ಕಾಡ್ ರೈಲ್ವೆ ವಿಭಾಗದ ಆಫೀಸಿನಲ್ಲಿ ನಮ್ಮ ಜನ ಇದ್ದಾರೆ. ಆದರೆ ಮೂಲಪತ್ರ ತೋರಿಸದೆ ಅವರು ಕಡತ ಮುಟ್ಟುವುದಿಲ್ಲ” ಎಂದ. ನಂಬಿ ಹಣವನ್ನೂ ಆ ಪತ್ರವನ್ನೂ ಕೊಟ್ಟೆ. ಒಂದು ಜೆರಾಕ್ಸ್ ಕೂಡ ತೆಗೆದಿಟ್ಟುಕೊಳ್ಳಲಿಲ್ಲ.

ಮೂರು ತಿಂಗಳ ಮೇಲೆ ಅವನು ತಂದುಕೊಟ್ಟ ‘ಸೇವಾ ಪತ್ರ’ವನ್ನು ಅಮ್ಮ ಕಣ್ಣಿಗೊತ್ತಿಕೊಂಡು ದೇವರ ಕೋಣೆಯಲ್ಲಿಟ್ಟರು. ರೈಲ್ವೆಯಿಂದ ನಿವೃತ್ತರಾದ ನೆರೆಮನೆಯ ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಾರೀಖು 1926, ತಲೆಬರಹ ‘ಸದರ್ನ್ ರೈಲ್ವೆ, ಪಾಲಕ್ಕಾಡ್ ವಿಭಾಗ’. ಸದರ್ನ್ ರೈಲ್ವೆ ಹುಟ್ಟಿದ್ದೇ 1951ರ ಏಪ್ರಿಲ್ 14ರಂದು. ಪಾಲಕ್ಕಾಡ್ ವಿಭಾಗ ಆದದ್ದು 1956ರಲ್ಲಿ. 1926ರಲ್ಲಿ ಮಂಗಳೂರಿನ ರೈಲು ನಡೆಸುತ್ತಿದ್ದುದು ತಿರುಚಿರಾಪಳ್ಳಿಯಲ್ಲಿ ಕೇಂದ್ರ ಕಚೇರಿಯಿದ್ದ ಸೌತ್ ಇಂಡಿಯನ್ ರೈಲ್ವೆ ಕಂಪನಿ. ಸಂಬಳದ ಜಾಗದಲ್ಲಿ ‘22.50’ ಎಂದಿತ್ತು. ರೂಪಾಯಿ, ಆಣೆ, ಪೈಗಳ ಕಾಲದಲ್ಲಿ ಐವತ್ತು ಪೈಸೆ ಎಲ್ಲಿಂದ ಬರಬೇಕು? ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಮೊಹರಿನೊಳಗೆ ಆರಂಕಿಯ ಪಿನ್ ಕೋಡ್ ಬೇರೆ! ಅದು 1972ರ ವ್ಯವಸ್ಥೆ. ಕೆಳಗೆ ಪಿಂಚಣಿ ಸಂಖ್ಯೆಯೂ ಇತ್ತು. ರೈಲ್ವೆ ನೌಕರರಿಗೆ ಪಿಂಚಣಿ ಜಾರಿಯಾದದ್ದೇ 1957ರಲ್ಲಿ, ಅದಕ್ಕೂ ಮೊದಲು ನಿವೃತ್ತರಾದ ಅಜ್ಜಯ್ಯನಿಗೆ ಸಿಕ್ಕಿದ್ದು ಭವಿಷ್ಯ ನಿಧಿಯ ಹಣ ಮಾತ್ರ.

“ಇದು ಕಂಪ್ಯೂಟರಿನಲ್ಲಿ ಮಾಡಿದ್ದು ತಂಗಿ” ಎಂದರು ರಾಯರು. ಅಮ್ಮನಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

ಮೂಲಪತ್ರ ಕೇಳಿದರೆ ಏಜೆಂಟ್ “ಪಾಲಕ್ಕಾಡ್‌ನಿಂದ ಬರಬೇಕು” ಎನ್ನುತ್ತಲೇ ಇದ್ದ. ಈಗ ಫೋನ್ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಿದ್ದೇನೆ.

ನೀವು ಇಂಥವರ ಬಳಿ ಹೋಗಬೇಡಿ. ವಿಭಾಗದ ಸಿಬ್ಬಂದಿ ಶಾಖೆಯ ದಾಖಲೆ ಕೇಳಿ ಮಾಹಿತಿ ಹಕ್ಕಿನಲ್ಲಿ ನೀವೇ ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ಹೆಸರು, ಹುದ್ದೆ, ಸ್ಟೇಷನ್, ಸುಮಾರು ಇಸವಿ ಬರೆಯಿರಿ. ಕಾಗದವಿದ್ದರೆ ಅದರ ಪ್ರತಿಯನ್ನಷ್ಟೇ ಲಗತ್ತಿಸಿ. ಮಂಗಳೂರು ಸೆಂಟ್ರಲ್ ಇಂದಿಗೂ ಪಾಲಕ್ಕಾಡ್ ವಿಭಾಗಕ್ಕೇ ಸೇರಿದೆ. ಉಡುಪಿಗೆ ರೈಲು ಬಂದದ್ದು 1993ರಲ್ಲಿ, ಕೊಂಕಣ ರೈಲ್ವೆಯ ಮೂಲಕ. ಆದ್ದರಿಂದ ಸ್ವಾತಂತ್ರ್ಯಪೂರ್ವದ ‘ಉಡುಪಿ ಸ್ಟೇಷನ್ ದಾಖಲೆ’ ಎಂದು ಯಾರಾದರೂ ತೋರಿಸಿದರೆ ಅಲ್ಲಿಗೇ ಎದ್ದು ಬನ್ನಿ.

ಕೊನೆಗೆ ನಾನೇ ಅರ್ಜಿ ಹಾಕಿದೆ. ಅಷ್ಟು ಹಳೆಯ ಕಡತ ಲಭ್ಯವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಬೇಸರವಾಯಿತು, ಆದರೆ ಸತ್ಯವಾದ ಕಾಗದವೆಂದು ಅಮ್ಮ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು.

ನಮ್ಮ ಮೂಲಪತ್ರದ ಬಲ ಮೂಲೆಯನ್ನು ಇಲಿ ಕಡಿದಿದೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅಕ್ಕಿ, ಬೆಲ್ಲ, ಸೀಮೆಎಣ್ಣೆಯ ಲೆಕ್ಕ ಬರೆದಿದೆ. ಯಾರ ಕಣ್ಣಿಗಾದರೂ ಬಿದ್ದರೆ ದಯಮಾಡಿ ತಿಳಿಸಿ.